ಡಾಕ್ಟರ್ ಸಾಹೇಬರ ಟೋಪಿ

ಡಬ್ಬದ ಮುಚ್ಚಳ ತೆಗೆದ ಕೂಡಲೇ ಅತ್ತರಿನ ವಾಸನೆ, ಅದರ ಬೆನ್ನಿಗೇ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನನಗೆ ಸಿಟ್ಟು ಬಂತು. ಹಳೆಯ ಬಟ್ಟೆಗಳನ್ನು ಇನ್ನಷ್ಟು ಕೆಡದಂತೆ ಉಳಿಸಿಕೊಡುವುದು ನನ್ನ ಕೆಲಸ. ನೂರು ವರ್ಷ ದಾಟಿದ ವೆಲ್ವೆಟ್ಟಿಗೆ ಎಣ್ಣೆ ಹಿಡಿದರೆ ಅದರ ಗತಿ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು.

“ಏನ್ರೀ ಅಂಕಲ್ ಇದು? ಇದಕ್ಕ ಎಣ್ಣಿ ಯಾರು ಹಚ್ಚಿದ್ರಿ?” ಎಂದೆ. ಹುಬ್ಬಳ್ಳಿ ಬಿಟ್ಟು ಎಷ್ಟು ಕಾಲವಾದರೂ ಸಿಟ್ಟು ಬಂದಾಗ ನನ್ನ ಬಾಯಿಂದ ಹುಬ್ಬಳ್ಳಿಯೇ ಹೊರಡುತ್ತದೆ.

ಎದುರಿಗೆ ಕೂತಿದ್ದ ಹಿರಿಯರು ಬೆಂಗಳೂರಿನವರು, ಇಲ್ಲಿ ಅಮೆರಿಕದ ಎಡಿಸನ್‌ನಲ್ಲಿ ಫರ್ನಿಚರ್ ಅಂಗಡಿ ಇಟ್ಟವರು, ಮನೆ ಮಾನ್ಮತ್ ಜಂಕ್ಷನ್‌ನಲ್ಲಿ. ಬೆಣ್ಣೆ ಬಿಸ್ಕತ್ತಿನ ಆ ತಗಡಿನ ಡಬ್ಬವನ್ನು ನೆವಾರ್ಕ್‌ನ ನಮ್ಮ ಸ್ಟುಡಿಯೋ ತನಕ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರು. ಕಾರು ಓಡಿಸಿದ್ದು ಮಗಳು.

“ಟೋಪಿಗೆ ಯಾರೂ ಹಚ್ಚಿಲ್ಲಮ್ಮ. ಮಕ್ಕಳ ತಲೆಗೆ ಹಚ್ಚಿದ್ದು,” ಎಂದರು ಅವರು, ತಪ್ಪು ಮಾಡಿದ ಹುಡುಗನ ಹಾಗೆ. “ನಮ್ಮ ತಾತಂದು, ನಮ್ಮ ಅಬ್ಬಾದು, ನಂದು. ಎಲ್ಲರ ತಲೆ ಎಣ್ಣೆನೂ ಅದರಲ್ಲಿದೆ ನೋಡಿ.”

ಕಡುನೀಲಿ ವೆಲ್ವೆಟ್ಟಿನ ಟೋಪಿ ಅದು. ಆರು ಹೋಳುಗಳನ್ನು ಕೂಡಿಸಿ ಹೊಲಿದದ್ದು. ಹೋಳುಗಳ ಅಂಚಿಗೆ ಬೆಳ್ಳಿಯ ಜರಿ, ನೆತ್ತಿಯಿಂದ ಇಳಿಬಿದ್ದ ಗೊಂಡೆ, ಹಣೆಯ ಮೇಲೆ ಬರುವಲ್ಲಿ ಒಂದು ಮುಳ್ಳುಹೂವಿನ ಕಸೂತಿ. ಆ ಮನೆಯಲ್ಲಿ ಅದಕ್ಕೆ ಡಾಕ್ಟರ್ ಸಾಹೇಬರ ಟೋಪಿ ಎಂದು ಹೆಸರು. ಗಂಡುಮಕ್ಕಳ ಬಿಸ್ಮಿಲ್ಲಾ ದಿನ ಮಾತ್ರ ಅದು ಡಬ್ಬದಿಂದ ಹೊರಗೆ ಬರುತ್ತಿತ್ತು. ಬಿಸ್ಮಿಲ್ಲಾ ಎಂದರೆ ನಮ್ಮ ಕಡೆಯ ಅಕ್ಷರಾಭ್ಯಾಸ ಇದ್ದಂತೆ. ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಹಿರಿಯರು ಎದುರಿಗೆ ಕೂರಿಸಿಕೊಂಡು ಮೊದಲ ಪಾಠ ಹೇಳಿಸುತ್ತಾರೆ. ಆ ಹೊತ್ತಿನಲ್ಲಿ ಮಗುವಿನ ತಲೆಯ ಮೇಲೆ ಈ ಟೋಪಿ. ಮೂರು ತಲೆಮಾರು ಅದನ್ನು ಯಾವುದೋ ದರ್ಬಾರಿನ ಟೋಪಿ ಎಂದೇ ತಿಳಿದಿತ್ತು.

ಅದು ದರ್ಬಾರಿನದಲ್ಲ ಎಂದು ಕಂಡುಹಿಡಿದವಳು ಮಗಳು. ಬಾಸ್ಕಿಂಗ್ ರಿಡ್ಜ್ ಕಡೆಯ ಒಂದು ಆಸ್ಪತ್ರೆಯಲ್ಲಿ ಸರ್ಜನ್. ಒಂದು ದಿನ ಫೋನ್ ನೋಡುತ್ತ ಕೂತವಳಿಗೆ ಸ್ಕಾಟ್ಲೆಂಡಿನ ಒಂದು ರಗ್ಬಿ ಮ್ಯೂಸಿಯಮ್ಮಿನ ಚಿತ್ರದಲ್ಲಿ ಇದರ ಅಣ್ಣತಮ್ಮಂದಿರು ಕಂಡರಂತೆ. ಬರೆದು ಕೇಳಿದಳು. ಅಲ್ಲಿಯವರು ಕುರ್ಚಿಯಿಂದ ಎದ್ದು ನಿಂತಿರಬೇಕು, ಅಷ್ಟು ಬೇಗ ಉತ್ತರ ಬಂತು. ಪ್ರದರ್ಶನಕ್ಕೆ ಎರವಲು ಕೊಡುವಿರಾ, ಮೊದಲು ನಿಮ್ಮ ಹತ್ತಿರದಲ್ಲೇ ಯಾರಾದರೂ ತಜ್ಞರಿಂದ ಶುದ್ಧಿ ಮಾಡಿಸುತ್ತೇವೆ ಎಂದರು. ಹಾಗೆ ಅದು ನನ್ನ ಮೇಜಿಗೆ ಬಂತು.

ಅಂಕಲ್‌ರದ್ದು ಒಂದೇ ಷರತ್ತು. ಮೊಮ್ಮಗಳ ಬಿಸ್ಮಿಲ್ಲಾ ಹತ್ತಿರ ಬಂದಿದೆ, ಅದು ಮುಗಿದ ಮೇಲೆ ಟೋಪಿ ಸ್ಕಾಟ್ಲೆಂಡಿಗೆ ಹೋಗಲಿ.

“ಈ ಸಲ ಹುಡುಗಿಗೆ ಹಾಕ್ತಿದೀವಿ, ಅಕ್ಕ,” ಎಂದಳು ಮಗಳು. “ನನಗೆ ಹಾಕಿರ್ಲಿಲ್ಲ. ಗಂಡುಮಕ್ಕಳಿಗೆ ಮಾತ್ರ ಅಂತ ರೂಲ್ ಇತ್ತು.”

ಅಂಕಲ್ ಕಿಟಕಿಯ ಕಡೆ ನೋಡಿದರು. ನಾನು ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳದೆ ಹೇಳಿದೆ. ಟೋಪಿ ಆ ದಿನ ನಿಮ್ಮ ಮನೆಗೆ ಬರುತ್ತದೆ, ಆದರೆ ಯಾರ ತಲೆಯ ಮೇಲೂ ಕೂರುವುದಿಲ್ಲ. ವೆಲ್ವೆಟ್ಟಿನ ಹಿಂದಿನ ನೇಯ್ಗೆ ಹಪ್ಪಳವಾಗಿದೆ. ಮಗುವೊಂದು ಕತ್ತು ತಿರುಗಿಸಿದರೆ ಸಾಕು, ಸೀಳುತ್ತದೆ.

ಮ್ಯೂಸಿಯಮ್ಮಿನ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಜೊತೆಗಿನ ಮೊದಲ ವಿಡಿಯೋ ಕಾಲ್‌ನಲ್ಲಿ ಟೋಪಿಯ ಮೂಲ ಒಡೆಯನ ಕಥೆ ಕೇಳಿದೆ. ಕ್ಯುರೇಟರ್ ಒಣಕಲು ಮನುಷ್ಯ, ಆದರೆ ರಗ್ಬಿಯ ಮಾತು ಬಂದರೆ ಮುಖ ಅರಳುತ್ತಿತ್ತು. ಟೋಪಿಯ ಒಡೆಯ ಸ್ಕಾಟ್ಲೆಂಡಿನ ಪರ ರಗ್ಬಿ ಆಡಿದ ಆಟಗಾರ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದವನು. ರಗ್ಬಿ ಆಗಿನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಒಂದೊಂದು ತಂಡದಲ್ಲಿ ಇಪ್ಪತ್ತು ಜನ, ಚೆಂಡು ಎಲ್ಲಿದೆ ಎಂದು ನೋಡುವವರಿಗೂ ಗೊತ್ತಾಗುತ್ತಿರಲಿಲ್ಲವಂತೆ, ಆಡುವವರಿಗೂ ಗೊತ್ತಾಗುತ್ತಿರಲಿಲ್ಲವಂತೆ. ಈತ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನೂಕುವವನು. ಆಡಿದ್ದಕ್ಕೆ ಹಣ ಮುಟ್ಟುವುದು ಮರ್ಯಾದಸ್ಥರ ಕೆಲಸವಲ್ಲ ಎಂದು ನಂಬಿದವರ ಪೈಕಿ. ದೇಶಕ್ಕಾಗಿ ಆಡಿದ ಗುರುತಿಗೆ ಉಳಿಯುತ್ತಿದ್ದುದು ಈ ಟೋಪಿ ಒಂದೇ.

ಕೊನೆಯ ಪಂದ್ಯದಲ್ಲಿ ಯಾರದೋ ಬೂಟಿನ ಕೆಳಗೆ ಅವನ ಬಲಗೈಯ ಹೆಬ್ಬೆರಳು ಜಜ್ಜಿಹೋಯಿತು. ಅದು ಮತ್ತೆ ಬಾಗಲಿಲ್ಲ. ಆಟ ಅಲ್ಲಿಗೆ ಮುಗಿಯಿತು, ವೈದ್ಯವೃತ್ತಿಯೂ ಮುಗಿಯಬೇಕಿತ್ತು. ಆದರೆ ಹಟಮಾರಿ, ಎಡಗೈಯಲ್ಲಿ ಶಸ್ತ್ರಚಿಕಿತ್ಸೆ ಮಾಡುವುದನ್ನು ಮೊದಲಿನಿಂದ ಕಲಿತ. ಆಮೇಲೆ ಕೋಲಾರದ ಚಿನ್ನದ ಗಣಿಯ ಆಸ್ಪತ್ರೆಗೆ ಡಾಕ್ಟರಾಗಿ ಹೋದ. ಮದುವೆಯಾಗಲಿಲ್ಲ. ವಯಸ್ಸಾದ ಮೇಲೆ ಊರಿಗೆ ಮರಳಿದ, ಟೋಪಿ ಇಲ್ಲದೆ. ಅಂಕಲ್‌ರ ಮುತ್ತಾತ ಗಣಿಯಲ್ಲಿ ಅವನ ಮನೆಯ ಅಡುಗೆಯವರು.

ನಾನು ಕೆಲಸ ಶುರು ಮಾಡಿದೆ. ಮೊದಲು ಫೋಟೋಗಳು, ಆಮೇಲೆ ಜಾಲರಿಬಟ್ಟೆ ಹೊದಿಸಿ ಮೆಲ್ಲನೆ ಧೂಳು ಹೀರಿಸುವುದು, ಆಮೇಲೆ ಮೈಕ್ರೋಸ್ಕೋಪಿನ ಕೆಳಗೆ ಇಂಚಿಂಚೂ ನೋಡುವುದು. ಮ್ಯೂಸಿಯಮ್ ಒಪ್ಪಿಕೊಂಡಿದ್ದ ಯೋಜನೆಯಲ್ಲಿ ಎರಡು ಮುಖ್ಯ ಕೆಲಸಗಳಿದ್ದವು: ಎಣ್ಣೆಯ ಕಲೆ ತೆಗೆಯುವುದು, ಆಮೇಲೆ ಯಾರೋ ಹಾಕಿದ್ದ ಹೊಲಿಗೆಗಳನ್ನು ಬಿಚ್ಚಿ ಟೋಪಿಯನ್ನು ಅದರ ಹಳೆಯ ಅಳತೆಗೆ ತರುವುದು. ಯಾಕೆಂದರೆ ಟೋಪಿ ಚಿಕ್ಕದಾಗಿತ್ತು. ದೊಡ್ಡ ಆಳಿನ ತಲೆಗೆ ಹೊಲಿದ ಹೋಳುಗಳನ್ನು ಯಾರೋ ಒಳಗಿನಿಂದ ಮಡಿಸಿ ಹಿಡಿದಿದ್ದರು. ಮನೆಯ ಹೆಂಗಸರು ಮಾಡಿರಬೇಕು ಎಂದು ಕ್ಯುರೇಟರ್ ಹೇಳಿದ. ನಾನೂ ಹಾಗೆಯೇ ತಿಳಿದೆ.

ಎಣ್ಣೆಯ ವಿಷಯದಲ್ಲಿ ಮೊದಲ ಏಟು ಬಿತ್ತು. ಒಳಗಿನ ಒಂದು ಮೂಲೆಯಲ್ಲಿ ಹತ್ತಿಯ ತುದಿಯಿಂದ ದ್ರಾವಕ ಮುಟ್ಟಿಸಿ ಪರೀಕ್ಷೆ ಮಾಡಿದಾಗ ಎಣ್ಣೆಯ ಜೊತೆಗೆ ನೀಲಿಯೂ ಎದ್ದು ಬಂತು. ಕಲೆ ತೆಗೆಯಲು ಹೊರಟರೆ ಬಣ್ಣವೇ ಹೊರಡುತ್ತಿತ್ತು. ಇನ್ನೊಂದು ದ್ರಾವಕ, ಮತ್ತೊಂದು, ಪ್ರಮಾಣ ಕಡಿಮೆ ಮಾಡಿ ಇನ್ನೊಮ್ಮೆ. ಪ್ರತಿ ಸಲವೂ ಹತ್ತಿ ನೀಲಿಯಾಯಿತು. ಕೊನೆಗೆ ಕಲೆಯನ್ನು ಹಾಗೇ ಬಿಡಬೇಕೆಂದು ಬರೆದು ಕಳಿಸಿದೆ. ಕ್ಯುರೇಟರ್‌ಗೆ ಸಮಾಧಾನವಾಗಲಿಲ್ಲ. ಹಾಗಾದರೆ ಅಳತೆಯನ್ನಾದರೂ ಸರಿಮಾಡಿ ಎಂದ.

ಅದರ ಮರುದಿನ ಅವನು ಮತ್ತೆ ಕಾಲ್ ಮಾಡಿದ. ಈ ಸಲ ಮುಖ ಅರಳಿರಲಿಲ್ಲ. ಪ್ರದರ್ಶನದ ಸುದ್ದಿ ತಿಳಿದು ಆಟಗಾರನ ಅಕ್ಕನ ವಂಶದವರೊಬ್ಬರು, ವಯಸ್ಸಾದ ಹೆಂಗಸು, ಆಕ್ಷೇಪ ಎತ್ತಿದ್ದರು. ಟೋಪಿಯನ್ನು ಗಣಿಯ ಅಡುಗೆಯವನು ಕದ್ದನೆಂದು ತಮ್ಮ ಮನೆಯಲ್ಲಿ ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ, ಕದ್ದ ಮಾಲನ್ನು ಕದ್ದವರಿಂದಲೇ ಎರವಲು ಪಡೆಯುವುದೇ ಎಂದು ಅವರ ಪ್ರಶ್ನೆ. ವಿಷಯ ಇತ್ಯರ್ಥವಾಗುವ ತನಕ ಟೋಪಿ ಸ್ಟುಡಿಯೋದಿಂದ ಕದಲಬಾರದು ಎಂದು ಮ್ಯೂಸಿಯಮ್ ಕೇಳಿಕೊಂಡಿತು.

ನಮ್ಮ ಸ್ಟುಡಿಯೋದ ಮುಖ್ಯಸ್ಥೆ ಕಾನೂನಿಗೆ ಹೆದರುವ ಅಮೆರಿಕನ್ ಹೆಂಗಸು. ಅಷ್ಟು ಕೇಳಿದ್ದೇ ಟೋಪಿಯ ಪೆಟ್ಟಿಗೆಯನ್ನು ಬೀಗದ ಕಪಾಟಿಗೆ ಸೇರಿಸಿದಳು. ಕೆಲಸಕ್ಕೆ ಬೇಕಾದಾಗ ತನ್ನನ್ನು ಕೇಳಿ ತೆಗೆಯಬೇಕೆಂದಳು.

ಬಿಸ್ಮಿಲ್ಲಾ ಮುಂದಿನ ಶನಿವಾರ. ಆ ದಿನವನ್ನು ಹಿಂದೆ ಮುಂದೆ ಸರಿಸುವ ಹಾಗಿಲ್ಲ. ಅಂಕಲ್‌ಗೆ ಫೋನ್‌ನಲ್ಲಿ ಹೇಳುವ ಧೈರ್ಯ ಸಾಲದೆ ಕೆಲಸ ಮುಗಿಸಿ ಅವರ ಅಂಗಡಿಗೇ ಹೋದೆ. ಸೋಫಾಗಳ ಸಾಲಿನ ನಡುವೆ ನಿಂತುಕೊಂಡೇ ಕೇಳಿಸಿಕೊಂಡರು.

“ಕಳ್ಳ ಅಂತಾರಾ?” ಎಂದರು. ದನಿ ಏರಲಿಲ್ಲ. ಪಕ್ಕದಲ್ಲಿದ್ದ ಸೋಫಾದ ಮೇಲೆ ಕೂತರು, ಬೆಲೆಯ ಚೀಟಿ ಅವರ ಭುಜಕ್ಕೆ ತಾಗುತ್ತಿತ್ತು. “ನಮ್ಮ ತಾತನ ಬಿಸ್ಮಿಲ್ಲಾ ದಿನ ಡಾಕ್ಟರ್ ಸಾಹೇಬರು ಅಡುಗೆಮನೆಗೇ ಬಂದು ಈ ಟೋಪಿ ತೊಡಿಸಿದ್ರು. ನಮ್ಮ ಮನೇಲಿ ಮಗು ತಲೆ ಮೇಲೆ ಟೋಪಿ ಇಡೋ ಮುಂಚೆ ಈ ಮಾತು ಹೇಳಿ ಇಡೋದು. ನಾನೂ ಕೇಳಿಸ್ಕೊಂಡಿದೀನಿ, ಕಿವಿಯಾರೆ.”

“ಅಂಕಲ್, ಅವರು ಸಾಕ್ಷಿ ಕೇಳ್ತಾರ್ರೀ.”

“ಅಡುಗೆಯವನಿಗೆ ಯಾರಮ್ಮ ಸಾಕ್ಷಿ ಬರೀತಾರೆ?” ಭುಜಕ್ಕೆ ತಾಗುತ್ತಿದ್ದ ಚೀಟಿಯನ್ನು ಸರಿಸಿ, “ಟೋಪಿ ಅವರೇ ಇಟ್ಕೊಳ್ಳಲಿ, ಪರವಾಗಿಲ್ಲ. ಆದ್ರೆ ಮೊಮ್ಮಗಳ ಮುಂದೆ ಕೂತು ನಾನು ಏನಂತ ಹೇಳ್ಲಿ? ನಿಮ್ಮ ಹಿರಿಯರು ಕದ್ದಿದ್ರು ಅಂತಲಾ?” ಎಂದರು.

ವೆಸ್ಟ್ ವಿಂಡ್ಸರ್‌ನ ನನ್ನ ಮನೆ ತನಕ ರೇಡಿಯೋ ಹಾಕದೆ ಡ್ರೈವ್ ಮಾಡಿದೆ. ನಿಜ ಹೇಳಬೇಕೆಂದರೆ ನನಗೂ ಸಂಶಯವಿತ್ತು. ತಾತ ಮುತ್ತಾತಂದಿರ ಬಗ್ಗೆ ಎಲ್ಲರ ಮನೆಯಲ್ಲೂ ಒಳ್ಳೆಯ ಕಥೆಯೇ ಇರುತ್ತದೆ. ಅವರ ಮನೆಯಲ್ಲಿ ಒಂದು ಕಥೆ, ಇವರ ಮನೆಯಲ್ಲಿ ಒಂದು ಕಥೆ, ನಡುವೆ ಎಣ್ಣೆ ಹಿಡಿದ ಒಂದು ಟೋಪಿ.

ಮರುದಿನ ಮುಖ್ಯಸ್ಥೆ ಕಪಾಟು ತೆರೆದುಕೊಟ್ಟಳು. ವಾದ ಏನಾದರೂ ಆಗಲಿ, ಒಪ್ಪಿಕೊಂಡ ಕೆಲಸ ಮುಗಿಸು ಎಂದಳು. ಒಳಗೆ ಹಸಿರು ಹತ್ತಿಬಟ್ಟೆಯ ಅಸ್ತರಿತ್ತು, ಅಂಕಲ್‌ರ ಅಜ್ಜಿ ಹಾಕಿದ್ದು. ಓರೆಕೋರೆಯಾದ, ಅವಸರದ ಹೊಲಿಗೆ. ಅದನ್ನು ಜೋಪಾನವಾಗಿ ಬಿಡಿಸಿ ಪಕ್ಕಕ್ಕಿಟ್ಟೆ. ಅದರ ಕೆಳಗೆ ಮೂಲ ರೇಷ್ಮೆಯ ಅಸ್ತರು, ಅರ್ಧ ಪುಡಿಯಾಗಿದ್ದುದು. ಅದನ್ನು ಸರಿಸಿದಾಗ ಮಡಿಕೆಗಳನ್ನು ಹಿಡಿದಿದ್ದ ಕಪ್ಪು ದಾರದ ಹೊಲಿಗೆಗಳು ಕಂಡವು.

ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, ಸ್ಕಾಲ್ಪೆಲ್ ಹಿಡಿದು ಮೊದಲನೆಯ ಹೊಲಿಗೆ ಕತ್ತರಿಸಿದೆ. ಸಾಮಾನ್ಯವಾಗಿ ಒಂದು ಕಡೆ ಕತ್ತರಿಸಿದರೆ ಉಳಿದ ದಾರ ಸಡಿಲವಾಗುತ್ತದೆ, ಚಿಮಟದಿಂದ ಎಳೆದರೆ ಸಾಲಾಗಿ ಹೊರಗೆ ಬರುತ್ತದೆ. ಇಲ್ಲಿ ಏನೂ ಸಡಿಲವಾಗಲಿಲ್ಲ. ಪಕ್ಕದ ಹೊಲಿಗೆ ತನ್ನ ಪಾಡಿಗೆ ತಾನು ಬಿಗಿಯಾಗಿ ಕೂತಿತ್ತು. ಅದರ ಪಕ್ಕದ್ದೂ ಹಾಗೆಯೇ. ಒಂದೊಂದು ಹೊಲಿಗೆಯೂ ಬೇರೆ, ಒಂದೊಂದಕ್ಕೂ ಬೇರೆ ಗಂಟು.

ಸ್ಕಾಲ್ಪೆಲ್ ಕೆಳಗಿಟ್ಟೆ. ಕಸುಬಿನ ದರ್ಜಿ ಹೀಗೆ ಹೊಲಿಯುವುದಿಲ್ಲ, ಮನೆಯ ಹೆಂಗಸರೂ ಹೊಲಿಯುವುದಿಲ್ಲ. ಯಾರಿಗೂ ಅಷ್ಟು ಪುರುಸೊತ್ತಿಲ್ಲ. ಬಟ್ಟೆಯಲ್ಲಿ ಹೊಲಿಗೆಗೊಂದು ಗಂಟು ಹಾಕುವವರು ಯಾರು? ಬಟ್ಟೆಯಲ್ಲಿ ಯಾರೂ ಹಾಕುವುದಿಲ್ಲ.

ಅಂಕಲ್‌ರ ಮಗಳಿಗೆ ಫೋನ್ ಮಾಡಿದೆ. ಆಪರೇಶನ್ ಮುಗಿಸಿ, ಆಸ್ಪತ್ರೆಯ ನೀಲಿ ಉಡುಪಿನಲ್ಲೇ ಮಧ್ಯಾಹ್ನ ಓಡಿಬಂದಳು. ನಾನು ಏನೂ ಹೇಳಿಕೊಡಲಿಲ್ಲ. ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, “ಏನ್ ಕಾಣ್ತದ ಹೇಳು,” ಎಂದೆ ಅಷ್ಟೆ.

ನೋಡಿದಳು. ಕಣ್ಣು ತೆಗೆಯದೆಯೇ ಬಾಯಲ್ಲಿ ಏನೋ ಎಣಿಸಿಕೊಂಡಳು. “ಅಕ್ಕ, ಇದು ಹೊಲಿಗೆ ಅಲ್ಲ. ಇದು ಸೂಚರ್. ನಾವು ಗಾಯ ಕ್ಲೋಸ್ ಮಾಡೋ ಥರಾನೇ ಇದೆ. ನೋಡಿ, ಫಸ್ಟ್ ಸುತ್ತು ಡಬಲ್ ಹಾಕಿದಾರೆ, ಜಾರಬಾರದು ಅಂತ. ಇದು ಸರ್ಜನ್ಸ್ ನಾಟ್!”

“ಸೂಜಿ ಯಾವ ಕಡಿಂದ ಹೊಕ್ಕೈತಿ ನೋಡು,” ಎಂದೆ. ಅದು ನನ್ನ ವಿದ್ಯೆ. ಸೂಜಿ ಹೊಕ್ಕ ಕಡೆ ನೇಯ್ಗೆಯ ಎಳೆಗಳು ಒಳಕ್ಕೆ ಬಾಗಿರುತ್ತವೆ, ಹೊರಬಂದ ಕಡೆ ಮೇಲೆದ್ದಿರುತ್ತವೆ. ಅಷ್ಟು ಹಳೆಯ ಬಟ್ಟೆ ಅದನ್ನು ಮರೆತಿರಲಿಲ್ಲ.

“ಎಡಗಡೆಯಿಂದ ಬಲಕ್ಕೆ,” ಎಂದಳು. ತನ್ನ ಬಲಗೈಯನ್ನು ಗಾಳಿಯಲ್ಲಿ ಆಡಿಸಿದಳು, ಹೊಂದಲಿಲ್ಲ. ಎಡಗೈ ಆಡಿಸಿದಳು. ಹೊಂದಿತು. ಆಮೇಲೆ ನನ್ನ ಕಡೆ ತಿರುಗಿದಳು, ಕಣ್ಣು ತುಂಬಿತ್ತು. “ಲೆಫ್ಟಿ! ಅಕ್ಕ, ಅವರೇ. ಡಾಕ್ಟರ್ ಸಾಹೇಬರೇ.”

ಬೂಟಿನ ಕೆಳಗೆ ಜಜ್ಜಿಹೋದ ಹೆಬ್ಬೆರಳು ನನ್ನ ನೆನಪಿಗೆ ಬಂತು. ಆಟದಲ್ಲಿ ಬಲಗೈ ಕಳೆದುಕೊಂಡವನು, ಆ ಆಟ ಕೊಟ್ಟ ಒಂದೇ ಟೋಪಿಯನ್ನು ಎಡಗೈಯಲ್ಲಿ ಹಿಡಿದು, ಗಾಯ ಕೂಡಿಸುವಷ್ಟು ಎಚ್ಚರಿಕೆಯಿಂದ ಮಗುವಿನ ತಲೆಗೆ ಚಿಕ್ಕದು ಮಾಡಿದ್ದ. ನಾನು ಬಿಚ್ಚಿ ಎಸೆಯಲು ಒಪ್ಪಿಕೊಂಡಿದ್ದ ಹೊಲಿಗೆಗಳೇ ಇವು.

ಅಲ್ಲಿಯೇ ತೀರ್ಮಾನ ಮಾಡಿದೆ. ಇನ್ನೊಂದು ಗಂಟನ್ನೂ ಮುಟ್ಟುವುದಿಲ್ಲ.

ಮುಖ್ಯಸ್ಥೆಗೆ ಅದು ಹಿಡಿಸಲಿಲ್ಲ. ಒಪ್ಪಂದದಲ್ಲಿ ಮೂಲ ಅಳತೆಗೆ ತರುವುದಾಗಿ ಇದೆ, ನೀನು ಒಬ್ಬಳೇ ಬದಲಾಯಿಸಲು ಬರುವುದಿಲ್ಲ ಎಂದಳು. ಹಾಗಾದರೆ ಈ ಕೆಲಸದಿಂದ ನನ್ನ ಹೆಸರು ತೆಗೆ, ಬೇರೆ ಯಾರ ಕೈಯಲ್ಲಾದರೂ ಬಿಚ್ಚಿಸು ಎಂದೆ. ಸಿಟ್ಟಿನಲ್ಲಿ ಹೇಳಿದ ಮಾತು, ಆದರೆ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಪರದೆಯ ಮೇಲಿನ ಗಂಟುಗಳನ್ನು ನೋಡಿದಳು. ಕೊನೆಗೆ, ಮೊದಲು ಅವರಿಗೆ ತೋರಿಸು ಎಂದಳು.

ಶುಕ್ರವಾರ ಬೆಳಿಗ್ಗೆ ಮೈಕ್ರೋಸ್ಕೋಪಿನ ಕ್ಯಾಮೆರಾವನ್ನೇ ಕಾಲ್‌ಗೆ ಜೋಡಿಸಿದೆ. ಆ ಕಡೆ ಕ್ಯುರೇಟರ್, ಅವನ ಪಕ್ಕದಲ್ಲಿ ಆಕ್ಷೇಪ ಎತ್ತಿದ್ದ ಹೆಂಗಸು. ಬಿಳಿಕೂದಲು, ಕುತ್ತಿಗೆ ತನಕ ಗುಂಡಿ ಹಾಕಿದ ಸ್ವೆಟರ್, ನಗುವಿನ ಸುಳಿವಿಲ್ಲ. ಈ ಕಡೆ ನಾನು, ಮಗಳು, ಅಂಕಲ್. ಅಂಕಲ್ ಸೂಟು ಹಾಕಿಕೊಂಡು ಬಂದಿದ್ದರು, ಕೋರ್ಟಿಗೆ ಬಂದವರ ಹಾಗೆ ಕೈಕಟ್ಟಿ ಕೂತಿದ್ದರು.

ನಾನು ಬಟ್ಟೆಯ ಮಾತು ಹೇಳಿದೆ, ಮಗಳು ಗಂಟಿನ ಮಾತು ಹೇಳಿದಳು. ಒಂದು ನೂಲಿನ ತುಂಡು ಹಿಡಿದು ಬಲಗೈಯಲ್ಲಿ ಒಮ್ಮೆ, ಎಡಗೈಯಲ್ಲಿ ಒಮ್ಮೆ ಗಂಟು ಹಾಕಿ ತೋರಿಸಿದಳು. ಕ್ಯುರೇಟರ್ ತುಂಬ ಪ್ರಶ್ನೆ ಕೇಳಿದ. ಬೇರೆ ಎಡಗೈಯ ಸರ್ಜನ್ ಇರಬಹುದಲ್ಲವೇ? ಇರಬಹುದು, ಗಣಿಯ ಆ ಆಸ್ಪತ್ರೆಯಲ್ಲಿ ಇದ್ದರೆ ನೀವೇ ಹುಡುಕಿಕೊಡಿ ಎಂದೆ. ಎಲ್ಲರೂ ಆ ಹೆಂಗಸಿನ ಮುಖವನ್ನೇ ನೋಡುತ್ತಿದ್ದೆವು.

ಆಕೆ ಕೇಳಿದ್ದು ಒಂದೇ. ಈಗ ಅದು ಎಷ್ಟು ದೊಡ್ಡ ತಲೆಗೆ ಆಗುತ್ತದೆ?

“ನಾಲ್ಕು ವರ್ಷದ ಮಗುವಿಗೆ,” ಎಂದೆ ಇಂಗ್ಲಿಷಿನಲ್ಲಿ.

ಆಕೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಕಳ್ಳನ ಮಗನಿಗೆ ಯಾರೂ ಅಳತೆ ಹಿಡಿದು ಹೊಲಿದುಕೊಡುವುದಿಲ್ಲ ಎಂದರು. ಅಂಕಲ್‌ರ ಹೆಸರು ಹಿಡಿದು ಕರೆದು, ತಮ್ಮ ಮನೆಯವರು ಇಷ್ಟು ಕಾಲ ಆಡಿದ ಮಾತಿಗೆ ಕ್ಷಮೆ ಕೇಳಿದರು. ಅಂಕಲ್ ಕಟ್ಟಿದ್ದ ಕೈ ಬಿಚ್ಚಿದರು. “ನಾಳೆ ನಮ್ಮ ಮನೆಗೆ ಊಟಕ್ಕೆ ಬನ್ನಿ ಅಂತ ಹೇಳಮ್ಮ ಅವರಿಗೆ,” ಎಂದು ನನ್ನ ಕಡೆ ತಿರುಗಿದರು, ಆಕೆ ಕಡಲಾಚೆ ಇರುವುದನ್ನೇ ಮರೆತು. ನಾನು ಹಾಗೆಯೇ ಅನುವಾದಿಸಿದೆ. ಆಕೆ ಮೊದಲ ಸಲ ನಕ್ಕರು.

ಮ್ಯೂಸಿಯಮ್ ತಡೆಯನ್ನು ತೆಗೆಯಿತು. ಟೋಪಿಯನ್ನು ಮಗುವಿನ ಅಳತೆಯಲ್ಲೇ, ಅಡುಗೆಯವರ ಮಗನಿಗೆ ಕೊಟ್ಟ ಉಡುಗೊರೆ ಎಂದೇ ಇಡುತ್ತೇವೆ ಎಂದು ಕ್ಯುರೇಟರ್ ಒಪ್ಪಿದ. ಉಳಿದದ್ದು ನಾನು ಕತ್ತರಿಸಿದ ಒಂದು ಹೊಲಿಗೆ. ಆ ದಾರವನ್ನು ಗಂಟಿನ ಸಮೇತ ಎತ್ತಿಟ್ಟೆ. ಅದರ ಜಾಗದಲ್ಲಿ ಹೊಸ ಹೊಲಿಗೆ ಹಾಕಲು ಮಗಳ ಕೈಗೆ ಸೂಜಿ ಕೊಟ್ಟೆ. ದಾರ ಮಾತ್ರ ಬೂದುಬಣ್ಣದ್ದು, ಇದು ಈಗಿನದು ಎಂದು ಮುಂದೆ ನೋಡುವವರಿಗೆ ತಿಳಿಯಲಿ ಎಂದು. ಬಿಸ್ಮಿಲ್ಲಾದ ದಿನ ಈ ಟೋಪಿ ತೊಡದಿದ್ದವಳು ಉಸಿರು ಹಿಡಿದು ಅದಕ್ಕೊಂದು ಗಂಟು ಹಾಕಿದಳು. ಹಾಕಿದ ಮೇಲೆ ಬಹಳ ಹೊತ್ತು ಕೈ ತೆಗೆಯಲಿಲ್ಲ.

ಶನಿವಾರ ನಾನೇ ಪೆಟ್ಟಿಗೆ ಹಿಡಿದು ಮಾನ್ಮತ್ ಜಂಕ್ಷನ್‌ಗೆ ಹೋದೆ. ನನ್ನ ನಿಯಮಗಳನ್ನು ಫೋನಿನಲ್ಲೇ ಹೇಳಿ ಒಪ್ಪಿಸಿದ್ದೆ. ಟೋಪಿಯನ್ನು ನಾನು ಕೈಗವಸು ಹಾಕಿಕೊಂಡು ಮಗುವಿನ ತಲೆಯ ಮೇಲೆ ಎತ್ತಿ ಹಿಡಿಯುತ್ತೇನೆ. ತಲೆಗೂ ಟೋಪಿಗೂ ನಡುವೆ ಒಂದು ಬೆರಳಿನ ಅಂತರ ಇರಬೇಕು. ಮಗುವಿನ ತಲೆಗೆ ಎಣ್ಣೆ ಹಚ್ಚಕೂಡದು. ಹಚ್ಚಿದರೆ ಪೆಟ್ಟಿಗೆ ತೆರೆಯುವುದೇ ಇಲ್ಲ.

ಮನೆಯ ತುಂಬ ಜನ, ಗುಲಾಬಿ ಹಾರ, ಬಿರಿಯಾನಿಯ ಘಮ. ಜರಿಯ ಉಡುಪಿನ ಹುಡುಗಿ ಪುಟ್ಟ ದಿಂಬಿನ ಮೇಲೆ ಕೂತು ನನ್ನ ಕೈಗವಸುಗಳನ್ನೇ ನೋಡುತ್ತಿದ್ದಳು. “ಈಸ್ ಇಟ್ ಮೈ ಟರ್ನ್ ನೌ?” ಎಂದು ಅಜ್ಜನನ್ನು ಕೇಳಿದಳು.

“ಹೂಂ ಕಂದ, ನಿಂದೇ,” ಎಂದರು ಅಂಕಲ್. ಅವಳ ಎದುರು ಕೂತು ಮೊದಲು ಆ ಮಾತು ಹೇಳಿದರು. “ನಿಮ್ಮ ಹಿರಿಯರ ಬಿಸ್ಮಿಲ್ಲಾ ದಿನ ಡಾಕ್ಟರ್ ಸಾಹೇಬರು ಅಡುಗೆಮನೆಗೇ ಬಂದು ತಮ್ಮ ಕೈಯಾರೆ...” ಅಲ್ಲಿ ಅವರು ಟೋಪಿಯ ಕಡೆ ಕಣ್ಣೆತ್ತಿದರು. ಒಂದು ಮಾತು ಹೊಸದಾಗಿ ಸೇರಿಸಿ ಮುಗಿಸಿದರು, “ತಮ್ಮ ಕೈಯಾರೆ ಹೊಲಿದು ತೊಡಿಸಿದ್ರು.”

ನಾನು ಅವಳ ಹಿಂದೆ ಮಂಡಿಯೂರಿ ಟೋಪಿಯನ್ನು ಎತ್ತಿ ಹಿಡಿದಿದ್ದೆ, ಒಂದು ಬೆರಳಿನ ಅಂತರದಲ್ಲಿ. ತೋಳು ಸೋಲುತ್ತಿತ್ತು. ಅಂಕಲ್ “ಬಿಸ್ಮಿಲ್ಲಾ” ಎಂದರು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದ ಹುಡುಗಿ ಬೆನ್ನು ನೆಟ್ಟಗೆ ಮಾಡಿ, ಕತ್ತು ಎತ್ತಿ, ಜೋರಾಗಿ “ಬಿಸ್ಮಿಲ್ಲಾ!” ಎಂದಳು. ಆ ಎತ್ತರಕ್ಕೆ ಅವಳ ತಲೆ ತಾನಾಗಿಯೇ ಟೋಪಿಯೊಳಗೆ ಬಂತು. ಎಲ್ಲಿಯೂ ಬಿಗಿಯಲಿಲ್ಲ, ಎಲ್ಲಿಯೂ ಸಡಿಲವಿರಲಿಲ್ಲ.

ಮೇಲೆತ್ತಬೇಕಿತ್ತು. ನಾನು ಕೈ ತೆಗೆದುಬಿಟ್ಟೆ. ಹುಡುಗಿ ಪಾಠ ಮುಗಿಯುವ ತನಕ ಅಲುಗಾಡದೆ ಕೂತಿದ್ದಳು. ಅವಳ ಕೂದಲಿನಿಂದ ಹಗುರವಾಗಿ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಅಂಕಲ್ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ನಾನು ಕೈಗವಸು ಕಳಚಿದೆ.